ಕಡಲು ಚಿನ್ನ ತಂದು ಹಾಕುವುದಿಲ್ಲ, ಮರಳು ಹೊತ್ತೊಯ್ಯುತ್ತದೆ

ಫ್ಲೋರಿಡಾದ ಪೂರ್ವ ಕರಾವಳಿಗೆ ಹರಿಕೇನ್ ಬಡಿದರೆ ಸಾಕು, "ಸಮುದ್ರ ಸ್ಪೇನಿನ ನಾಣ್ಯಗಳನ್ನು ದಡಕ್ಕೆ ತಂದು ಎಸೆದಿದೆಯಂತೆ" ಅನ್ನುವ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಒರ್ಲಾಂಡೊ, ಟ್ಯಾಂಪಾ ಕಡೆಯ ನಮ್ಮವರೂ ಆನ್‌ಲೈನ್‌ನಲ್ಲಿ ಒಂದು ಮೆಟಲ್ ಡಿಟೆಕ್ಟರ್ ತರಿಸಿಕೊಂಡು ಶನಿವಾರ ಕಾರು ಹತ್ತಬಹುದು. ಸಂಜೆಗೆ ಸಿಗುವುದು ಬೆನ್ನುನೋವು ಮತ್ತು ಒಂದು ಚೀಲ ಬಾಟಲಿ ಮುಚ್ಚಳ. ಇದಕ್ಕೆ ಅದೃಷ್ಟವನ್ನು ಬೈದು ಉಪಯೋಗವಿಲ್ಲ. ಹುಡುಕಿದ ಜಾಗವೇ ತಪ್ಪು, ಹೋದ ಹೊತ್ತೂ ತಪ್ಪು.

ಬಿರುಗಾಳಿ ಮಾಡುವ ಮುಖ್ಯ ಕೆಲಸ ತರುವುದಲ್ಲ, ಒಯ್ಯುವುದು. ಅಕ್ಕಿ ಜಾಲಿಸುವಾಗ ಪಾತ್ರೆಯನ್ನು ಅಲುಗಾಡಿಸಿದರೆ ಅಕ್ಕಿ ನೀರಿನ ಜೊತೆ ಜಾರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಇಲ್ಲಿ ಅಲೆಯೇ ಕೈ, ಇಡೀ ದಂಡೆಯೇ ಪಾತ್ರೆ. ನೀರಿನ ಸಾಂದ್ರತೆ 1 ಅಂದರೆ ಮರಳಿನದು ಸುಮಾರು 2.65. ಅಲ್ಯೂಮಿನಿಯಂ 2.7, ಬೆಳ್ಳಿ 10.5, ಸೀಸ 11.3, ಅಪ್ಪಟ ಚಿನ್ನ 19.3. ಕೋಕ್ ಡಬ್ಬಿಯ ಉಂಗುರ ಮರಳಿನ ಜೊತೆಗೇ ತೇಲಾಡುತ್ತದೆ. ಚಿನ್ನ ಇಳಿಯುತ್ತ ಇಳಿಯುತ್ತ ಒಂದು ಗಟ್ಟಿ ಪದರದ ಮೇಲೆ ಕೂತುಬಿಡುತ್ತದೆ. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಈ ನಾಲ್ಕೈದು ಸಂಖ್ಯೆಗಳ ವಿಸ್ತರಣೆ.

ಅಲ್ಲಿ ಚಿನ್ನ ಇರುವುದು ಯಾಕೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1715ರ ಜುಲೈ 24ರಂದು ಚಿನ್ನ ಬೆಳ್ಳಿ ತುಂಬಿಕೊಂಡು ಹವಾನಾದಿಂದ ಸ್ಪೇನಿಗೆ ಹೊರಟ 12 ಹಡಗುಗಳಲ್ಲಿ 11 ಹಡಗುಗಳು ಜುಲೈ 31ರ ಬೆಳಗಿನ ಜಾವ ಹರಿಕೇನ್‌ಗೆ ಸಿಕ್ಕಿ ಇಂದಿನ ಸೆಬಾಸ್ಟಿಯನ್, ವೀರೊ ಬೀಚ್, ಫೋರ್ಟ್ ಪಿಯರ್ಸ್ ಎದುರಿನ ನೀರಿನಲ್ಲಿ ಒಡೆದುಹೋದವು. ಸತ್ತವರು ಸುಮಾರು 1000 ಜನ. ಪಾರಾದದ್ದು ಗ್ರಿಫಾನ್ ಎಂಬ ಫ್ರೆಂಚ್ ಹಡಗು ಒಂದೇ. ಎರಡನೇ ಮಹಾಯುದ್ಧದ ನಂತರ ಕಿಪ್ ವ್ಯಾಗ್ನರ್ ಎಂಬ ಕಟ್ಟಡ ಗುತ್ತಿಗೆದಾರ ಈ ದಂಡೆಯಲ್ಲಿ ನಾಣ್ಯ ಹೆಕ್ಕುತ್ತ ಒಂದು ವಿಷಯ ಗಮನಿಸಿದ. ಸಿಕ್ಕ ಯಾವ ನಾಣ್ಯದ ಮೇಲೂ 1715ರ ನಂತರದ ಇಸವಿ ಇರಲಿಲ್ಲ. ಆ ಸುಳಿವು ಹಿಡಿದೇ ಹಡಗುಗಳ ಜಾಗ ಪತ್ತೆಯಾಯಿತು. ಈ ಕರಾವಳಿಗೆ ಟ್ರೆಷರ್ ಕೋಸ್ಟ್, ಅಂದರೆ ನಿಧಿಯ ಕರಾವಳಿ, ಎಂಬ ಹೆಸರು ಬಂದದ್ದು ಹೀಗೆ. ಎಲ್ಲ ಹಡಗುಗಳೂ ಇನ್ನೂ ಸಿಕ್ಕಿಲ್ಲ.

ಈಗ ಬಿರುಗಾಳಿಯ ವಿಚಾರ. ಟಿವಿಯವರು ಕೂಗುವ ಕೆಟಗರಿ ನಂಬರು (ಗಾಳಿಯ ವೇಗದ ಮೇಲೆ ಒಂದರಿಂದ ಐದರವರೆಗೆ) ನಿಧಿ ಹುಡುಕುವವರಿಗೆ ಹೆಚ್ಚು ಹೇಳುವುದಿಲ್ಲ. ನೋಡಬೇಕಾದ್ದು ಎರಡು: ಗಾಳಿ ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತು ನಿಂತಿತು. ಉತ್ತರ ಗೋಳಾರ್ಧದಲ್ಲಿ ಚಂಡಮಾರುತ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹಾಗಾಗಿ ಪೂರ್ವ ಕರಾವಳಿಯಲ್ಲಿ ಅದು ನೆಲ ಮುಟ್ಟಿದ ಜಾಗದ ಉತ್ತರಕ್ಕೆ ಗಾಳಿ ಸಮುದ್ರದಿಂದ ನೆಲಕ್ಕೆ ನುಗ್ಗುತ್ತದೆ. ದಕ್ಷಿಣಕ್ಕೆ ಅದೇ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸಿ ಅಲೆಯನ್ನು ಚಪ್ಪಟೆ ಮಾಡುತ್ತದೆ. 2022ರ ನವೆಂಬರ್ 10ರಂದು ನಿಕೋಲ್ ಹರಿಕೇನ್ ವೀರೊ ಬೀಚ್ ಹತ್ತಿರ ಬಂದಾಗ ಅದು ಬರೀ ಒಂದನೇ ಕೆಟಗರಿ. ಆದರೂ ಎಷ್ಟೋ ಉತ್ತರಕ್ಕಿರುವ ಡೇಟೋನಾ ಕಡೆ ಮನೆಗಳೇ ಮರಳಿನ ಜೊತೆ ಕುಸಿದವು. ಅದರ ಬೆನ್ನಿಗೇ ಡೇಟೋನಾ ಬೀಚ್ ಶೋರ್ಸ್‌ನಲ್ಲಿ ಹಳೇ ಮರದ ಹಡಗಿನ ಪಕ್ಕೆಲುಬುಗಳು ಮೇಲೆದ್ದವು. ಪುರಾತತ್ತ್ವದವರು ಬಂದು ಅಳೆದು, ಅದನ್ನು ಅಲ್ಲಿಯೇ ಬಿಟ್ಟರು. ಮರಳು ಮತ್ತೆ ಮುಚ್ಚಿಕೊಂಡಿತು, ಮರಕ್ಕೂ ಅದೇ ಒಳ್ಳೆಯದು.

2004ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸೆಸ್, ಮೂರು ವಾರ ಬಿಟ್ಟು ಜೀನ್, ಎರಡು ಹರಿಕೇನ್‌ಗಳೂ ಇದೇ ಕರಾವಳಿಯ ಹಚಿನ್ಸನ್ ದ್ವೀಪದ ಮೇಲೆಯೇ ಬಂದವು. ಮೊದಲನೆಯದು ಸಡಿಲ ಮಾಡಿದ ದಂಡೆಯನ್ನು ಎರಡನೆಯದು ಕೆರೆಯಿತು. ಇಂಥ ಜೋಡಿ ಅಪರೂಪ. ನನ್ನ ಮಟ್ಟಿಗೆ ಹರಿಕೇನ್‌ಗಿಂತ ಚಳಿಗಾಲದ ಈಶಾನ್ಯ ಗಾಳಿಯೇ ಹೆಚ್ಚು ನಂಬಿಕಸ್ತ. ಜೋರು ಕಡಿಮೆ ಇದ್ದರೂ ಮೂರು ನಾಲ್ಕು ದಿನ ಬಿಡದೆ ಬೀಸುತ್ತದೆ, ಅಷ್ಟೂ ದಿನದ ಉಬ್ಬರ ಇಳಿತಗಳು ದಂಡೆಯನ್ನು ಒಂದೇ ಸಮನೆ ಅರೆಯುತ್ತವೆ. ಓಡುತ್ತ ಬಂದು ಓಡುತ್ತ ಹೋಗುವ ಹರಿಕೇನ್ ಎಷ್ಟೋ ಸಲ ಒಂದು ಕಡೆಯ ಮರಳನ್ನು ಇನ್ನೊಂದು ಕಡೆ ಸುರಿದು ಮೊದಲಿಗಿಂತ ದಪ್ಪ ಹೊದಿಕೆ ಹಾಕಿ ಹೋಗುತ್ತದೆ.

ದಂಡೆಗೆ ಹೋದ ಮೇಲೆ ಮೆಷಿನ್ ಆನ್ ಮಾಡಬೇಡಿ. ಮೊದಲು ಅರ್ಧ ಗಂಟೆ ಬರಿಗೈಲಿ ನಡೆಯಿರಿ. ಹುಡುಕಬೇಕಾದ್ದು ಕಟ್, ಅಂದರೆ ಅಲೆ ಚಾಕುವಿನಲ್ಲಿ ಕೊಯ್ದಂತೆ ಕೊರೆದ ನೇರ ಮರಳಿನ ಗೋಡೆ. ಮೊಣಕಾಲೆತ್ತರ ಇದ್ದರೂ ನೋಡುವಂಥದ್ದೇ, ಎದೆಯೆತ್ತರ ಇದ್ದರೆ ಹಬ್ಬ. ಆ ಗೋಡೆಯನ್ನು ಹತ್ತಿರದಿಂದ ನೋಡಿ. ಮೇಲೆ ಬಿಳಿ ಪುಡಿಮರಳು, ಅದರ ಕೆಳಗೆ ಬೆರಳಗಲದ ಕಪ್ಪು ಗೆರೆ, ಅದರಡಿ ಒಡೆದ ಚಿಪ್ಪು, ಇನ್ನೂ ಕೆಳಗೆ ಕಾಲಿಟ್ಟರೆ ಹುದುಗದ ಕಂದು ನೆಲ. ಆ ಕಪ್ಪು ಗೆರೆ ಭಾರದ ಖನಿಜಗಳ ಮರಳು, ಹಿಂದಿನ ಯಾವುದೋ ಬಿರುಗಾಳಿ ಹಗುರವಾದದ್ದನ್ನೆಲ್ಲ ಒಯ್ದು ಬಿಟ್ಟುಹೋದ ಗುರುತು. ಅಲೆ ಈ ಗೆರೆಯನ್ನು ಮುಟ್ಟಿದ್ದರೆ, ಅದಕ್ಕಿಂತ ಹೆಚ್ಚಾಗಿ ಕೆಳಗಿನ ಗಟ್ಟಿ ನೆಲ ಬಯಲಾಗಿದ್ದರೆ, ಆ ದಿನ ಕೆಲಸ ಉಂಟು. ಗೋಡೆ ಪೂರಾ ಒಂದೇ ಬಣ್ಣ, ಗೆರೆಯೇ ಇಲ್ಲ ಅಂದರೆ ಮೋಸಹೋಗಬೇಡಿ. ಕೌಂಟಿಯವರು (ಅಲ್ಲಿನ ಜಿಲ್ಲಾಡಳಿತ) ದಂಡೆ ದುರಸ್ತಿಗೆಂದು ಒಳನಾಡಿನ ಮರಳುಗಣಿಗಳಿಂದ ಲಾರಿಗಟ್ಟಲೆ ಮರಳು ತಂದು ಸುರಿಯುತ್ತಾರೆ. ಕಟ್ ಎರಡಾಳು ಎತ್ತರ ಇದ್ದರೂ ಅದು ಲಾರಿಯ ಮರಳು, ಅದರಲ್ಲಿ ಏನೂ ಇರುವುದಿಲ್ಲ.

ಮೆಷಿನ್ ಹಿಡಿದ ಮೇಲೆ ಮೊದಲ ಐದು ಸದ್ದುಗಳಿಗೆ ಏನು ಸಿಕ್ಕಿತು ಎಂಬುದೇ ನಿಮ್ಮ ನಕ್ಷೆ. ಡಬ್ಬಿಯ ಉಂಗುರ, ಫಾಯಿಲ್, ಬಾಟಲಿ ಮುಚ್ಚಳ ಬಂದರೆ ನೀವು ನಿಂತಿರುವುದು ನಿನ್ನೆ ಮೊನ್ನೆ ಬಂದು ಕೂತ ಹಗುರ ಮರಳಿನ ಮೇಲೆ. ಮುಂದೆ ನಡೆಯಿರಿ. ಗಾಳದವರು ಕಳೆದುಕೊಂಡ ಸೀಸದ ತೂಕ, ಹಳೇ ಕ್ವಾರ್ಟರ್ ನಾಣ್ಯ, ತಾಮ್ರದ ಮೊಳೆ ಒಟ್ಟಿಗೆ ಸಿಕ್ಕರೆ ಅಲ್ಲಿಂದ ಕದಲಬೇಡಿ. ಸೀಸವನ್ನು ನಿಲ್ಲಿಸಿದ ಜಾಗವೇ ಬೆಳ್ಳಿಯನ್ನೂ ಚಿನ್ನವನ್ನೂ ನಿಲ್ಲಿಸುತ್ತದೆ. ಅಲ್ಲಿಯವರೆಗೆ ನೀರಿನಂಚಿಂದ ದಿಬ್ಬದ ಬುಡದ ಕಡೆಗೆ ಓರೆಯಾಗಿ ಹೋಗಿ ಬಂದು ಮಾಡುತ್ತಿದ್ದರೆ, ಈಗ ಆ ಸಾಲನ್ನು ಹಿಡಿದು ದಂಡೆಗೆ ಸಮಾನಾಂತರವಾಗಿ ನಡೆಯಬೇಕು, ಕಾಯಿಲ್‌ನ (ಮೆಷಿನ್ ತುದಿಯ ದುಂಡು ತಟ್ಟೆ) ಅರ್ಧ ಅಗಲ ಹಿಂದಿನ ಪಟ್ಟಿಯ ಮೇಲೆ ಬರುವಂತೆ.

ಹೊತ್ತು ಬಹಳ ಮುಖ್ಯ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಪೂರ್ಣ ಇಳಿತಕ್ಕೆ ಎರಡು ಗಂಟೆ ಮೊದಲು ಶುರುಮಾಡಿ, ಇಳಿಯುವ ನೀರಿನ ಜೊತೆ ಕೆಳಗೆ ಸರಿಯುತ್ತ ಹೋಗಿ, ತಿರುಗಿದ ಒಂದು ಗಂಟೆಗೆ ನಿಲ್ಲಿಸಿ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ. ಗಾಳಿ ನಿಂತ ಮೇಲೆ ಸಣ್ಣ ಅಲೆಗಳು ಒಯ್ದ ಮರಳನ್ನು ಮೆಲ್ಲಗೆ ವಾಪಸು ತರುತ್ತವೆ. ಕೆಲವೊಮ್ಮೆ ಎರಡು ದಿನದಲ್ಲೇ ಗಟ್ಟಿ ನೆಲದ ಮೇಲೆ ಮೊಣಕಾಲುದ್ದ ಮರಳು ಬಂದುಬಿಟ್ಟಿರುತ್ತದೆ. "ರಜಾ ನೋಡಿಕೊಂಡು ಮುಂದಿನ ವಾರ ಹೋಗೋಣ" ಅನ್ನುವವರು ಹೋಗದಿದ್ದರೂ ನಡೆದೀತು.

ಮೆಷಿನ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಒಂದೇ ಫ್ರೀಕ್ವೆನ್ಸಿಯ ಅಗ್ಗದ ಡಿಟೆಕ್ಟರ್ ಉಪ್ಪುನೀರಿನ ಮರಳಿಗೆ ಬೇಡ. ಒದ್ದೆ ಉಪ್ಪು ಮರಳು ಸ್ವತಃ ವಿದ್ಯುತ್ ಹರಿಸುತ್ತದೆ, ಅದನ್ನೇ ಲೋಹ ಅಂದುಕೊಂಡು ಮೆಷಿನ್ ಕಿಚಿಪಿಚಿ ಮಾಡುತ್ತಲೇ ಇರುತ್ತದೆ. ಸದ್ದು ತಡೆಯದೆ ನೀವು ಸೆನ್ಸಿಟಿವಿಟಿ ಇಳಿಸುತ್ತೀರಿ, ಆಳ ಹೋಯಿತು. ಇಲ್ಲಿಗೆ ಹೊಂದುವುದು ಮಲ್ಟಿ ಫ್ರೀಕ್ವೆನ್ಸಿ (ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಳಸುವುದು) ಅಥವಾ ಪಲ್ಸ್ ಇಂಡಕ್ಷನ್ (ಬಿಟ್ಟುಬಿಟ್ಟು ಕಾಂತೀಯ ತುಡಿತ ಕಳಿಸುವುದು). ಪಲ್ಸ್ ಮೆಷಿನ್‌ಗೆ ಉಪ್ಪೂ ಕಪ್ಪುಮರಳೂ ಅಷ್ಟು ತೊಂದರೆ ಕೊಡುವುದಿಲ್ಲ, ಆಳವೂ ಹೆಚ್ಚು. ಆದರೆ ಕಬ್ಬಿಣವನ್ನು ಬೇರ್ಪಡಿಸಿ ಹೇಳಲಾರದು. ಬಿರುಗಾಳಿ ಮುರಿದ ಮೆಟ್ಟಿಲು, ಬೇಲಿಗಳ ಮೊಳೆ ತುಂಬಿದ ದಂಡೆಯಲ್ಲಿ ಅದನ್ನು ಹಿಡಿದರೆ ದಿನವಿಡೀ ಮೊಳೆ ಅಗೆಯುವುದೇ ಕೆಲಸ. ಮೊದಲ ಸಲಕ್ಕೆ ಮಲ್ಟಿ ಫ್ರೀಕ್ವೆನ್ಸಿಯೇ ಸರಿ, ಕಾಯಿಲ್ 11 ಇಂಚಿನದು.

ಮೆಷಿನ್‌ನಲ್ಲಿ ಮೊದಲು ಬೀಚ್ ಮೋಡ್, ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ವಿದ್ಯುತ್ ಗದ್ದಲ ತಡೆಯುವುದು), ಆಮೇಲೆ ಒದ್ದೆ ಮರಳಿನ ಮೇಲೆಯೇ ಗ್ರೌಂಡ್ ಬ್ಯಾಲೆನ್ಸ್ (ಆ ನೆಲಕ್ಕೆ ಮೆಷಿನ್ ಹೊಂದಿಸುವುದು). ಸೆನ್ಸಿಟಿವಿಟಿಯನ್ನು ಮೇಲೇರಿಸುತ್ತ ಹೋಗಿ, ಕಿಚಿಪಿಚಿ ಶುರುವಾದ ಕಡೆ ಒಂದೆರಡು ಮೆಟ್ಟಿಲು ಇಳಿಸಿ ನಿಲ್ಲಿಸಿ. ಕಾಯಿಲ್ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ, ಎಡದಿಂದ ಬಲಕ್ಕೆ ಎರಡು ಮೂರು ಸೆಕೆಂಡ್, ಕೊನೆಯಲ್ಲಿ ಕೈ ಎತ್ತದೆ. ಕುಡುಗೋಲಿನಂತೆ ಬೀಸುವವರು ಪ್ರತಿ ಬೀಸಿನ ಎರಡೂ ತುದಿಯಲ್ಲಿ ಆಳ ಕಳೆದುಕೊಳ್ಳುತ್ತಾರೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ಅಡಗಿಸುವುದು) ಹಾಕಿ, ಪರದೆಯಲ್ಲಿ ಡಬ್ಬಿ ಉಂಗುರಕ್ಕೆ ಬರುವ ನಂಬರನ್ನು ಮುಚ್ಚಿಬಿಟ್ಟರೆ ಚಿನ್ನದ ಉಂಗುರವೂ ಮುಚ್ಚಿಹೋಗುತ್ತದೆ, ಎರಡಕ್ಕೂ ನಂಬರು ಒಂದೇ ಕಡೆ ಬರುತ್ತದೆ. ಇನ್ನೊಂದು: 300 ವರ್ಷ ಉಪ್ಪಿನಲ್ಲಿದ್ದು ಸಲ್ಫೈಡ್ ಆಗಿಹೋದ ಬೆಳ್ಳಿ, ಬೆಳ್ಳಿಯ ದೊಡ್ಡ ನಂಬರು ತೋರಿಸುವುದಿಲ್ಲ. ಕಳಪೆ ಸದ್ದನ್ನೂ ಅಗೆಯಬೇಕು. ಸುಮ್ಮಸುಮ್ಮನೆ ಕೂಗುತ್ತಿದೆಯೆಂದರೆ ಕಾಯಿಲ್ ಕವರ್ ಬಿಚ್ಚಿ ನೋಡಿ, ಒಳಗೆ ಕಪ್ಪುಮರಳು ಕೂತಿರುತ್ತದೆ.

ಅಗೆಯುವುದಕ್ಕೆ ಉದ್ದ ಹಿಡಿಯ ಸ್ಟೇನ್‌ಲೆಸ್ ಸ್ಟೀಲ್ ಸ್ಕೂಪ್, ಅಂದರೆ ಮರಳು ಸೋರುವ ತೂತುಗಳ ಸಲಿಕೆ. ಸದ್ದಿನ ನಡುವಿಗೆ ಹಾಕಬೇಡಿ, ನಾಣ್ಯದ ಅಂಚು ಹರಿಯುತ್ತದೆ. ಒಂದು ಗೇಣು ಹಿಂದಕ್ಕೆ ಇಟ್ಟು, ಹಿಮ್ಮಡಿಯಿಂದ ಒತ್ತಿ, ಪೂರ್ತಿ ಬುಡದಿಂದ ಎತ್ತಿ. ಗುಂಡಿ ಮುಚ್ಚಿಯೇ ಮುಂದೆ ಹೋಗಬೇಕು.

ಕಾನೂನಿನ ವಿಷಯದಲ್ಲಿ ಜನ ಎಡವುವುದು ಒಂದು ಗೆರೆಯಲ್ಲಿ. ಸಾರ್ವಜನಿಕ ದಂಡೆಯಲ್ಲಿ ನೀರಿನಂಚಿನ ಗೆರೆಯಿಂದ ಮರಳು ದಿಬ್ಬದ ಬುಡದವರೆಗಿನ ಪಟ್ಟಿಯಲ್ಲಷ್ಟೇ ಹುಡುಕಬಹುದು. ನೀರಿನಡಿಯ ನೆಲ ರಾಜ್ಯದ್ದು. 1715ರ ಹಡಗುಗಳ ಮೇಲಿನ ಹಕ್ಕು ಕೋರ್ಟಿನ ಮೂಲಕ ಒಂದು ಖಾಸಗಿ ಕಂಪನಿಗೆ ಸೇರಿದೆ, ಅವರು ಎತ್ತಿದ್ದರಲ್ಲಿ 20 ಶೇಕಡಾದವರೆಗೆ ರಾಜ್ಯ ಮ್ಯೂಸಿಯಂಗೆ ತೆಗೆದುಕೊಳ್ಳುತ್ತದೆ. ಆ ಜಾಗಗಳ ಎದುರು ಪಾದ ಮುಳುಗುವಷ್ಟು ನೀರಿನಲ್ಲಿ ಕಾಯಿಲ್ ಆಡಿಸಿದರೂ ಕೇಸಾಗಬಹುದು. ದಿಬ್ಬ ಹತ್ತುವಂತಿಲ್ಲ, ಅಲ್ಲಿನ ಸೀ ಓಟ್ಸ್ ಹುಲ್ಲು ಕೀಳುವುದೂ ಅಪರಾಧ. ಕೆನಾವೆರಲ್‌ನಂಥ ಕೇಂದ್ರ ಸರ್ಕಾರದ ದಂಡೆಗಳಲ್ಲಿ ಡಿಟೆಕ್ಟರ್ ನಿಷೇಧ. ಲೈಸೆನ್ಸ್ ಇದ್ದವರೂ ಆಸೆಗೆ ಬಿದ್ದಿದ್ದಾರೆ. 2015ರಲ್ಲಿ ಗುತ್ತಿಗೆ ಮುಳುಗುಗಾರರಿಗೆ ಸಿಕ್ಕ 101 ಚಿನ್ನದ ನಾಣ್ಯಗಳಲ್ಲಿ 51ಕ್ಕೆ ಮಾತ್ರ ಲೆಕ್ಕ ಕೊಡಲಾಗಿತ್ತು. ಬಚ್ಚಿಟ್ಟ ಉಳಿದವುಗಳಲ್ಲಿ 37ನ್ನು ತನಿಖಾಧಿಕಾರಿಗಳು ಪತ್ತೆಹಚ್ಚಿದ ಸುದ್ದಿ 2024ರಲ್ಲಿ ಬಂತು. (ಇದನ್ನೆಲ್ಲ ಓದಿ ಮಲ್ಪೆಯಲ್ಲೋ ಕಾರವಾರದಲ್ಲೋ ಕಾಯಿಲ್ ಬೀಸಲು ಹೊರಡಬೇಡಿ. ನಮ್ಮಲ್ಲಿ ನಿಧಿಯ ಕಾನೂನೇ ಬೇರೆ, ಸಿಕ್ಕದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.)

ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30. ಈ ಕರಾವಳಿಯಲ್ಲಿ ಕಡಲಾಮೆ ಮೊಟ್ಟೆಯಿಡುವ ಕಾಲ ಮಾರ್ಚ್ 1ರಿಂದ ಅಕ್ಟೋಬರ್ 31. ಎರಡೂ ಒಂದರ ಮೇಲೊಂದು ಬೀಳುತ್ತವೆ. ಗೂಡಿನ ಸುತ್ತ ಗೂಟ ನೆಟ್ಟು ಟೇಪು ಕಟ್ಟಿರುತ್ತಾರೆ, ಆದರೆ ಬಿರುಗಾಳಿ ಗೂಟವನ್ನು ಕಿತ್ತೊಯ್ದು ಗೂಡನ್ನು ಬಿಟ್ಟಿರಬಹುದು. ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಮೊಟ್ಟೆ ಕಂಡರೆ ಕೈ ಹಚ್ಚದೆ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ. ಕಟ್ ಗೋಡೆಯ ಬುಡದಲ್ಲಿ ಕೂತು ಅಗೆಯಬೇಡಿ, ಒದ್ದೆ ಮರಳು ಒಣಗುತ್ತಿದ್ದಂತೆ ಹೇಳದೆ ಕೇಳದೆ ಕುಸಿಯುತ್ತದೆ. ಗಟ್ಟಿ ಅಟ್ಟೆಯ ಬೂಟು ಬೇಕೇ ಬೇಕು. ಕಾಲಿನಲ್ಲಿ ಗಾಯವಿದ್ದರೆ ಆ ನೀರಿಗೆ ಇಳಿಯಬೇಡಿ, ವಿಬ್ರಿಯೊ ಬ್ಯಾಕ್ಟೀರಿಯಾ ಕಾಲನ್ನಷ್ಟೇ ಕೇಳುವುದಿಲ್ಲ. ಫೋರ್ಟ್ ಪಿಯರ್ಸ್ ಸುತ್ತಮುತ್ತ ಇನ್ನೊಂದು ಅಪಾಯ ಉಂಟು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ದಂಡೆಯ ಮೇಲಿಳಿಯುವ, ಅಡ್ಡಿಗಳನ್ನು ಸ್ಫೋಟಿಸುವ ತರಬೇತಿಯನ್ನು ಇಲ್ಲೇ ನಡೆಸಿತ್ತು. ತುಕ್ಕು ಹಿಡಿದ ಉದ್ದನೆಯ ಕೊಳವೆ ಸಿಕ್ಕರೆ ಅದು ಸ್ಪೇನಿನ ಫಿರಂಗಿಯಲ್ಲ. ಸ್ಕೂಪ್ ತಾಗಿಸದೆ ದೂರ ಹೋಗಿ 911ಕ್ಕೆ ಹೇಳಿ.

ಕೊನೆಗೆ, ನಿಜವಾಗಿಯೂ ಸಿಕ್ಕರೆ. ಚಿನ್ನ ನಿನ್ನೆ ಟಂಕಿಸಿದಂತೆ ಹೊಳೆಯುತ್ತಲೇ ಬರುತ್ತದೆ, ಸಿಹಿನೀರಲ್ಲಿ ಅದ್ದಿದರೆ ಮುಗಿಯಿತು. ಬೆಳ್ಳಿಯನ್ನು ಹೊಸಬರು ಬಿಸಾಡಿಬಿಡುತ್ತಾರೆ, ಏಕೆಂದರೆ ಅದು ನಾಣ್ಯದಂತೆ ಕಾಣುವುದೇ ಇಲ್ಲ. ಸುಟ್ಟ ಹಪ್ಪಳದ ತುಂಡಿನ ಹಾಗೆ ಕಪ್ಪಗೆ, ಓರೆಕೋರೆ, ಅಂಚು ಪುಡಿಪುಡಿ. ಆ ಕಾಲದ ನಾಣ್ಯ ಗುಂಡಗೇ ಇರಲಿಲ್ಲ, ಗಟ್ಟಿಯಿಂದ ಕತ್ತರಿಸಿ ಸುತ್ತಿಗೆಯಲ್ಲಿ ಹೊಡೆದು ಅಚ್ಚು ಒತ್ತುತ್ತಿದ್ದರು. ಎಂಟು ರಿಯಾಲಿನ ನಾಣ್ಯ ಸುಮಾರು 27 ಗ್ರಾಂ ಇರಬೇಕು, ಉಪ್ಪು ತಿಂದುಹಾಕಿದ್ದು ಅದರ ಅರ್ಧವೂ ತೂಗದಿರಬಹುದು. ಜೇಬಿಗೆ ಹಾಕಿಕೊಳ್ಳಬೇಡಿ, ಒಣಗಿದರೆ ಪದರ ಪದರವಾಗಿ ಏಳುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಸಿಹಿನೀರು ಹಾಕಿ ಅದರಲ್ಲಿಡಿ, ದಿನಕ್ಕೊಮ್ಮೆ ನೀರು ಬದಲಿಸಿ. ಮನೆಗೆ ಬಂದು ದೀಪದ ಕಂಬ ಉಜ್ಜುವಂತೆ ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ. ಕಪ್ಪಾಗಿ ಕಾಣುವ ಆ ಪದರದಲ್ಲೇ ಅಚ್ಚಿನ ಗುರುತು ಉಳಿದಿರುತ್ತದೆ. ಸೋಡಾ ದ್ರಾವಣದಲ್ಲಿ ಸಣ್ಣ ಕರೆಂಟು ಹಾಯಿಸಿ ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿಸುವ ವಿಧಾನ ಇದೆ, ಆದರೆ ಕರೆಂಟು ಸ್ವಲ್ಪ ಹೆಚ್ಚಾದರೂ ಪದರ ಕಳಚಿ ಡಬ್ಬಿಯ ತಳದಲ್ಲಿ ಕಪ್ಪು ಕೆಸರು ಉಳಿಯುತ್ತದೆ. ಅದನ್ನು ದಿನವೂ ಮಾಡುವ ಸಂರಕ್ಷಕರ ಕೈಗೆ ಕೊಡುವವರೆಗೆ ನಾಣ್ಯ ನೀರಿನಲ್ಲೇ ಇರಲಿ.