ನಮ್ಮನೆ ಟ್ಯಾಂಕಿನ ಪೀಪಿ

ಮೋಟರ್ ಹಾಕಿ ಮರೆಯುವುದರಲ್ಲಿ ನನ್ನನ್ನು ಮೀರಿಸುವವರು ಕುವೆಂಪುನಗರದಲ್ಲೇ ಇಲ್ಲ. ಟ್ಯಾಂಕು ತುಂಬಿ ಹರಿದ ನೀರು ಪಕ್ಕದ ಮನೆ ಅಜ್ಜಿಯ ಸಂಡಿಗೆಯ ಮೇಲೆ ಬಿದ್ದ ದಿನ ನಾನು ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟೆ.

"ರೀ, ರೆಡಿಮೇಡ್ ಅಲಾರಾಂ ಸಿಗುತ್ತಲ್ವಾ?" ಅಂದಳು ಹೆಂಡತಿ.

ಅವಳಿಗೆ ಇತಿಹಾಸ ಹೇಳಿದೆ. 1935ರಲ್ಲಿ ಇದೇ ಮೈಸೂರಿನಲ್ಲಿ ಗೋಪಾಲಸ್ವಾಮಿ ಅನ್ನುವ ಪ್ರೊಫೆಸರ್ ತಮ್ಮ ಮನೆಯಲ್ಲೇ ರೇಡಿಯೊ ಸ್ಟೇಷನ್ ಶುರು ಮಾಡಿದರು. ಪಾಠ ಮಾಡುತ್ತಿದ್ದದ್ದು ಮನಶ್ಶಾಸ್ತ್ರ! 'ಆಕಾಶವಾಣಿ' ಅನ್ನುವ ಹೆಸರಿನಲ್ಲಿ ಪ್ರಸಾರ ಮಾಡಿದ್ದೂ ಅವರೇ. ಶುರುವಿನಲ್ಲಿ ಅವರ ಟ್ರಾನ್ಸ್‌ಮೀಟರ್ 30 ವ್ಯಾಟ್. ಬೆಸುಗೆ ಹಾಕುವ ನನ್ನ ಸಾಲ್ಡರಿಂಗ್ ಐರನ್ನೇ 25 ವ್ಯಾಟ್ ಇದೆ.

"ಅವರ ಮನೆ ಟ್ಯಾಂಕೂ ಹೀಗೇ ಹರೀತಿತ್ತಾ?"

ನಾನು ಮಾತು ಬೆಳೆಸಲಿಲ್ಲ.

ಸರ್ಕ್ಯೂಟ್ ಸುಲಭ. ಒಂದು ಬಿ.ಸಿ. 547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಬಜರ್, 9 ವೋಲ್ಟ್ ಬ್ಯಾಟರಿ. ಟ್ಯಾಂಕಿನ ಬಾಯಿಯಿಂದ ಎರಡು ತಂತಿ ಇಳಿಬಿಡಬೇಕು. ನೀರು ಏರಿ ಎರಡನ್ನೂ ಮುಟ್ಟಿದರೆ ಚೂರೇ ಚೂರು ಕರೆಂಟು ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ, ಅಂದರೆ ಬೇಸಿಗೆ ಹೋಗುತ್ತದೆ. ಅಷ್ಟಕ್ಕೇ ಅದು ಹತ್ತಾರು ಪಟ್ಟು ಜಾಸ್ತಿ ಕರೆಂಟನ್ನು ಬಜರಿನಲ್ಲಿ ಹರಿಸುತ್ತದೆ. ನಮ್ಮತ್ತೆ ಅಡುಗೆಮನೆಯಲ್ಲಿ ಗುಸುಗುಸು ಅಂದದ್ದನ್ನು ಮಾವ ಹಜಾರದಿಂದ ಇಡೀ ಬೀದಿಗೆ ಕೇಳಿಸುತ್ತಾರೆ. ಅದೇ ಕೆಲಸ.

ಮೊದಲ ದಿನವೇ ಊಟದ ಟೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ತೂತು ಬಿತ್ತು. ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟೆ. ಜಾಡಿ ಇವತ್ತಿಗೂ ಕದಲಿಲ್ಲ. ಐರನ್ನಿನಿಂದ ಕಾಯಿಸಬೇಕಾದ್ದು ಜೋಡಿಸುವ ಜಾಗವನ್ನು, ಬೆಸುಗೆಯ ಲೆಡ್ಡನ್ನಲ್ಲ ಅನ್ನುವುದು ಗೊತ್ತಾಗುವಷ್ಟರಲ್ಲಿ ಬೋರ್ಡಿನ ಮೇಲೆ ಬೂಂದಿ ಕಾಳು ಚೆಲ್ಲಿದ ಹಾಗಾಗಿತ್ತು. ಒಂದೂ ಅಂಟಿರಲಿಲ್ಲ.

ಎಲ್ಲ ಅಂಟಿಸಿದ ಮೇಲೆ ಬಜರ್ ಸೊಳ್ಳೆ ಹಾಗೆ ಗುಂಯ್ ಅಂತು, ಅಷ್ಟೇ. ಬಿ.ಸಿ. 547ರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ನಾನು ಗುಂಡು ಬೆನ್ನನ್ನು ನನ್ನ ಕಡೆ ಇಟ್ಟುಕೊಂಡು ಎಣಿಸಿದ್ದೆ. ನಡುವಿನ ಬೇಸ್ ಒಂದೇ ಸರಿ. ಅದು ಹೇಗೆ ಎಣಿಸಿದರೂ ಸರಿಯೇ ಬಿಡಿ.

ತಿರುಗಿಸಿ ಹಾಕಿದೆ. ಅಯ್ಯಪ್ಪಾ, ಏನು ಸದ್ದು! ಆದರೆ ಮೋಟರ್ ಆಫ್ ಮಾಡಿದರೂ ನಿಲ್ಲಲಿಲ್ಲ. ನೀರು ತಂತಿಯಿಂದ ಕೆಳಗೆ ಇಳಿಯಬೇಕಲ್ಲ. ಅವತ್ತು ನಾನು ಎರಡನೇ ಸಲ ಸ್ನಾನ ಮಾಡಿದೆ. ಮಾರನೇ ದಿನ ಬಜರಿಗೊಂದು ಸ್ವಿಚ್ ಹಾಕಿದೆ.

ಮೂರು ತಿಂಗಳು ಚೆನ್ನಾಗಿತ್ತು. ಒಂದು ಬೆಳಗ್ಗೆ ಅಜ್ಜಿ ಕಾಂಪೌಂಡಿನ ಹತ್ತಿರ ಬಂದರು.

"ಏನಪ್ಪಾ, ನಿಮ್ಮ ಪೀಪಿ ಯಾಕೆ ಕೂಗಲಿಲ್ಲ? ನಮ್ಮ ಟ್ಯಾಂಕು ಹರಿದುಹೋಯ್ತು."

ನಾವು ಮೋಟರ್ ಹಾಕಿದಾಗಲೇ ಅವರೂ ಹಾಕುತ್ತಿದ್ದರಂತೆ. ನಮ್ಮ ಪೀಪಿ ಕೂಗಿದರೆ ಅವರದ್ದು ಆಫ್.

ಮೇಲೆ ಹತ್ತಿ ನೋಡಿದೆ. ಒಂದು ತಂತಿಯ ತಾಮ್ರ ಹಸಿರುಗಟ್ಟಿ, ತುದಿ ಸವೆದುಹೋಗಿತ್ತು. ಸ್ವಿಚ್ ಕಟ್ ಮಾಡಿದ್ದು ಸದ್ದನ್ನು ಮಾತ್ರ. ಟ್ಯಾಂಕು ತುಂಬಿದ್ದಾಗಲೆಲ್ಲ ತಂತಿಗಳ ನಡುವೆ ಬ್ಯಾಟರಿಯ ಕರೆಂಟು ಸುಮ್ನೆ ಹರಿಯುತ್ತಲೇ ಇತ್ತು. ಹೀಗೆ ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಕರೆಂಟು ನೀರಿನಲ್ಲಿ ಹರಿದರೆ ಪ್ಲಸ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತದೆ. ಸ್ವಿಚ್ಚನ್ನು ಬ್ಯಾಟರಿಯ ಬುಡಕ್ಕೇ ಹಾಕಬೇಕಿತ್ತು. ಹಾಕಿದೆ. ತಾಮ್ರದ ಬದಲು ಸ್ಟೀಲ್ ಇದ್ದರೆ ಒಳ್ಳೇದು ಅಂತಲೂ ಓದಿದೆ. ಸ್ಟೀಲಿಗೆ ಪೇಟೆಗೆ ಯಾಕೆ ಹೋಗಬೇಕು?

ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತರು. ಅಡುಗೆಮನೆಯಲ್ಲಿ ಅತ್ತೆ ಮೆಲ್ಲಗೆ, "ಪಾಯಸಕ್ಕೆ ಎರಡು ಸ್ಪೂನು ಕಡಿಮೆ ಇದೆಯಲ್ಲೇ" ಅಂದರು.

"ಏನು, ಸ್ಪೂನು ಕಳುವಾಯ್ತಾ?" ಅಂತ ಮಾವ ಕೂಗಿದರು.

ಕಾಂಪೌಂಡಿನ ಆ ಕಡೆಯಿಂದ ಅಜ್ಜಿಯ ದನಿ ಕೇಳಿಸಿತು: "ಇಲ್ಲ ಕಣ್ರೀ, ನಿಮ್ಮ ಅಳಿಯಂದಿರು ಟ್ಯಾಂಕಿಗೆ ಹಾಕ್ತಿದ್ರು. ನಾನೇ ನೋಡಿದೆ!"