ಸ್ಪಷ್ಟನೆ: ಹಕ್ಕಾ ನೂಡಲ್ಸ್ ಹುಟ್ಟಿದ್ದು ಬೇಪು ಬೀದಿಯಲ್ಲಲ್ಲ

ತೈವಾನಿನ ಶಿಂಚು ಜಿಲ್ಲೆಯ ಬೇಪು ಹಳೇ ಬೀದಿಯ ಫೋಟೊ ಹಾಕಿ, ‘ನಾವು ತಿನ್ನುವ ಹಕ್ಕಾ ನೂಡಲ್ಸ್ ಹುಟ್ಟಿದ್ದು ಇಲ್ಲೇ, ಇದು ಹಕ್ಕಾ ಜನರೇ ಕಟ್ಟಿದ ಬೀದಿ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ.

ಹಕ್ಕಾ ಎಂಬುದು ಊರಲ್ಲ, ಚೀನಾ ಮೂಲದ ಒಂದು ಜನಸಮುದಾಯ. ಅವರಲ್ಲಿ ಹಲವರು ಕಲ್ಕತ್ತೆಗೆ ಬಂದು, ತಂಗ್ರಾದಲ್ಲಿ ಚರ್ಮ ಹದಮಾಡುತ್ತ ನೆಲೆಸಿದರು. ಸೋಯಾ ಸಾಸ್ ಹಾಕಿ ಹುರಿಯುವ ನಮ್ಮ ನೂಡಲ್ಸ್ ರೂಪುಗೊಂಡದ್ದು ಕಲ್ಕತ್ತೆಯ ಚೀನೀಯರ ಅಡುಗೆಮನೆಗಳಲ್ಲಿ.

ಬೇಪುವಿನ ನಿಜವಾದ ರುಚಿ ಬೇರೆಯೇ. ಅಲ್ಲಿನ ‘ಲೇಯ್ ಚಾ’, ಅಂದರೆ ಅರೆದು ಮಾಡುವ ಚಹಾ ನೋಡಿ: ಒಳಗೆಲ್ಲ ಗೀರುಗಳಿರುವ ಮಣ್ಣಿನ ಬೋಗುಣಿಯಲ್ಲಿ ಚಹಾ ಎಲೆ, ಎಳ್ಳು, ಕಡಲೆಕಾಯಿ ಬೀಜ ಹಾಕಿ, ಎಣ್ಣೆ ಬಿಡುವವರೆಗೂ ಮರದ ಕೋಲಿನಿಂದ ಅರೆಯುತ್ತಾರೆ. ಬಿಸಿನೀರು ಹೊಯ್ದು, ಮೇಲೆ ಅಕ್ಕಿಪುರಿ ಉದುರಿಸಿ ಕೊಡುತ್ತಾರೆ.

ಇನ್ನು ಬೀದಿ ಕಟ್ಟಿದವರ ಮಾತು. 1830ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಜಿನ್‌ಗುವಾಂಗ್‌ಫು ಎಂಬ, ಹೊಸ ನೆಲವನ್ನು ಸಾಗುವಳಿಗೆ ತರುವ ಸಂಸ್ಥೆಯ ಹೆಸರೇ ಸಾಕ್ಷಿ: ‘ಗುವಾಂಗ್’ ಎಂದರೆ ಹಕ್ಕಾಗಳು ಬಂದ ಗುವಾಂಗ್‌ಡಾಂಗ್, ‘ಫು’ ಎಂದರೆ ಫುಜಿಯಾನ್; ಎರಡೂ ಚೀನಾದ ಪ್ರಾಂತ್ಯಗಳು. ಎರಡೂ ಕಡೆಯವರು ಬಂಡವಾಳ ಹಾಕಿದ್ದರು. ಇನ್ನೊಂದು ಸಂಗತಿಯನ್ನಂತೂ ಬಿಡಲೇಬಾರದು: ಆ ನೆಲ ಅದಕ್ಕೂ ಮೊದಲು ಸೈಸಿಯಾತ್ ಮೂಲನಿವಾಸಿಗಳದಾಗಿತ್ತು. ಅವರನ್ನು ಬೆಟ್ಟಗಳತ್ತ ಒತ್ತರಿಸಿದ ಮೇಲೆಯೇ ಅಲ್ಲಿ ಊರು ಬೆಳೆದದ್ದು.