ಅಡಿಕೆ ಬಾಟ್‌ಗೆ ಆಂಗ್ವಿಲ್ಲಾದ ವಿಳಾಸ ಯಾಕ್ರಪ್ಪಾ?

ಚಾಟ್‌ಬಾಟ್ ಇನ್ನೂ ನೆಟ್ಟಗೆ ಒಂದು ಉತ್ತರ ಕೊಡುತ್ತಿಲ್ಲ, ಅಷ್ಟರಲ್ಲಿ ಅದಕ್ಕೆ ಡಾಟ್ ಎಐ ಡೊಮೈನ್, ಅಂದರೆ ಕೊನೆಗೆ .ai ಅಂತ ಬರುವ ವೆಬ್ ವಿಳಾಸ ಬೇಕಂತೆ. ಈಗಷ್ಟೇ ಫೋನ್ ಇಟ್ಟೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ರಾತ್ರಿ ಊಟ ಆದಮೇಲೆ ನಾನು ಮೆತ್ತಗಾಗುತ್ತೇನೆ ಅಂತ ನಿಮಗೆಲ್ಲ ಗೊತ್ತೇ ಇದೆ.

ವಿಷಯ ಇಷ್ಟು. ನಮ್ಮ ಅಕ್ಕನ ಮಗ ತನ್ನ ಗೆಳೆಯರ ಜೊತೆ ಸೇರಿ ಅಡಿಕೆ ಬೆಳೆಗಾರರಿಗೆ ಒಂದು ವಾಟ್ಸಾಪ್ ಬಾಟ್ ಮಾಡುತ್ತಿದ್ದಾನೆ. ಇವತ್ತು ಸಾಗರದಲ್ಲಿ ರೇಟ್ ಎಷ್ಟು, ಶಿರಸಿಯಲ್ಲಿ ಎಷ್ಟು, ಕೊಳೆರೋಗ ಬಂದರೆ ಏನು ಹೊಡೆಯಬೇಕು, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು ಸುಣ್ಣ ಎಷ್ಟು, ಇಂಥದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಡಬೇಕು. ಯೋಚನೆ ಒಳ್ಳೆಯದೇ. ಕೇಳಿದಾಗ ನನಗೆ ನಿಜವಾಗಲೂ ಖುಷಿಯಾಗಿತ್ತು.

ನಿನ್ನೆ ಪರೀಕ್ಷೆ ಮಾಡಿ ಅಂತ ನಂಬರ್ ಕಳಿಸಿದ. "ಬೆಟ್ಟೆ ರೇಟ್ ಎಷ್ಟು" ಅಂತ ಕೇಳಿದೆ. ಬೆಟ್ಟೆ, ಗೊರಬಲು, ಸಿಪ್ಪೆಗೋಟು ಅಂದರೆ ಮಾರುಕಟ್ಟೆಯಲ್ಲಿ ಅಡಿಕೆಯ ಬೇರೆಬೇರೆ ಬಗೆಗಳು. ಬಾಟ್ ಬೆಟ್ಟ ಅಂದುಕೊಂಡು ಪಶ್ಚಿಮ ಘಟ್ಟದ ಮೇಲೆ ಪ್ರಬಂಧ ಬರೆಯಿತು. ಗೊರಬಲು ಅಂದೆ, ಕ್ಷಮೆ ಕೇಳಿತು. ಸಿಪ್ಪೆಗೋಟು ಅಂದಿದ್ದಕ್ಕೆ ಬಾಳೆಹಣ್ಣಿನ ಸಿಪ್ಪೆಯ ಉಪಯೋಗಗಳನ್ನು ಹೇಳಿತು. "ಎಂಥ ಮಾರಾಯ" ಅಂತ ಬೇಜಾರಾಗಿ ಟೈಪಿಸಿದರೆ "ನಿಮ್ಮ ಅಮೂಲ್ಯ ಪ್ರತಿಕ್ರಿಯೆಗೆ ಧನ್ಯವಾದಗಳು" ಅಂದಿತು.

ಇದನ್ನು ಹೇಳೋಣ ಅಂತ ಫೋನ್ ಮಾಡಿದರೆ ಅವನು, "ಮಾವ, ಅದೆಲ್ಲ ಆಮೇಲೆ ಸರಿ ಮಾಡ್ತೀವಿ. ಮೊದಲು ಡೊಮೈನ್ ಬುಕ್ ಮಾಡಿಕೊಡಿ. ಡಾಟ್ ಎಐ ಖಾಲಿ ಇದೆ. ಯಾರಾದ್ರೂ ತಗೊಂಡ್ಬಿಟ್ರೆ?" ಅಂತಾನೆ.

ಯಾರು ತಗೋತಾರೋ ಮಾರಾಯ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾರಾದರೂ ಅಡಿಕೆ ಬಾಟ್ ಮಾಡೋಕೆ ಕಾಯ್ತಾ ಕೂತಿದ್ದಾರಾ? ಗೋಡೆ ಎದ್ದಿಲ್ಲ, ಗೃಹಪ್ರವೇಶದ ಕಾರ್ಡು ಪ್ರಿಂಟಿಗೆ ಹೋಗಿದೆ.

ಮೊದಲು ದುಡ್ಡಿನ ಲೆಕ್ಕ ನೋಡಿ. ಡಾಟ್ ಇನ್ ಹೆಸರು ಒಂದು ವರ್ಷಕ್ಕೆ ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಡಾಟ್ ಎಐ ಒಂದು ವರ್ಷಕ್ಕೆ ಕೊಡುವುದೇ ಇಲ್ಲ, ಕನಿಷ್ಠ 2 ವರ್ಷಕ್ಕೆ ತಗೋಬೇಕು. ಯಾವ ಕಂಪನಿಯಲ್ಲಿ ಕೊಂಡರೂ ಹತ್ತು ಸಾವಿರ ದಾಟುತ್ತದೆ, ಅದರ ಮೇಲೆ ತೆರಿಗೆ ಬೇರೆ. ಈ ಹುಡುಗರ ಹತ್ತಿರ ಇರುವ ಒಟ್ಟು ಬಂಡವಾಳ ನನಗೆ ಗೊತ್ತು, ಇಲ್ಲಿ ಬರೆದರೆ ಅಕ್ಕ ಬೈಯುತ್ತಾಳೆ. ಆ ದುಡ್ಡಲ್ಲಿ ಮಂಡಿಯಲ್ಲಿ ಹತ್ತಾರು ವರ್ಷ ಅಡಿಕೆ ಆರಿಸಿದ ಒಬ್ಬರನ್ನು ಕೂರಿಸಿಕೊಂಡು, ಜನ ಹೇಗೆ ಕೇಳುತ್ತಾರೋ ಹಾಗೆಯೇ ಪ್ರಶ್ನೆಗಳನ್ನು ಬರೆಸಿಕೊಳ್ಳಬಹುದಿತ್ತು. ಅದು ಬೇಡವಂತೆ. ಹೆಸರಿನ ಕೊನೆಗೆ ಡಾಟ್ ಎಐ ಅನ್ನುವ ಬಾಲ ಬೇಕಂತೆ.

ಆ ಬಾಲ ಎಲ್ಲಿಯದು ಅಂತ ಕೇಳಿದೆ. "ಎಐ ಅಂದ್ರೆ ಎಐ ಮಾವ" ಅಂದ. ಅಲ್ಲಪ್ಪಾ. ಕೆರಿಬಿಯನ್ ಸಮುದ್ರದಲ್ಲಿ ಆಂಗ್ವಿಲ್ಲಾ ಅಂತ ಒಂದು ಪುಟ್ಟ ದ್ವೀಪವಿದೆ, ಬ್ರಿಟನ್ನಿನ ಅಧೀನದಲ್ಲಿ. ಅಲ್ಲಿನ ಜನಸಂಖ್ಯೆ ಸುಮಾರು 16 ಸಾವಿರ, ನಮ್ಮ ಒಂದು ಸಣ್ಣ ಪಟ್ಟಣದಷ್ಟೂ ಇಲ್ಲ. ನಮಗೆ ಡಾಟ್ ಇನ್ ಬಂದ ಹಾಗೆ ಅವರಿಗೆ 1995ರಲ್ಲಿ ಡಾಟ್ ಎಐ ಬಂತು. ಆಗ ಅದನ್ನು ಕೇಳುವವರೇ ಇರಲಿಲ್ಲ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು ನೋಡಿ, ಎಲ್ಲ ಬದಲಾಯಿತು. 2022ರಲ್ಲಿ 1 ಲಕ್ಷ 44 ಸಾವಿರ ಇದ್ದ ನೋಂದಣಿ 2023ರಲ್ಲಿ 3 ಲಕ್ಷ 54 ಸಾವಿರಕ್ಕೆ ಹೋಯಿತು. ಆ ಒಂದೇ ವರ್ಷ ಸುಮಾರು 3.2 ಕೋಟಿ ಡಾಲರ್ ಬಂತು, ಸರ್ಕಾರದ ಒಟ್ಟು ಆದಾಯದಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ.

ಇದರಲ್ಲಿ ನನಗೆ ಆಂಗ್ವಿಲ್ಲಾದ ಮೇಲೆ ಒಂಚೂರೂ ಸಿಟ್ಟಿಲ್ಲ. 2017ರಲ್ಲಿ ಇರ್ಮಾ ಚಂಡಮಾರುತ ಬಂದು ಆ ದ್ವೀಪವನ್ನು ಹಣ್ಣುಗಾಯಿ ಮಾಡಿತ್ತು. ಪ್ರವಾಸಿಗರನ್ನೇ ನಂಬಿಕೊಂಡಿದ್ದ ಜನ ಅವರು. ಈಗ ಎರಡು ಅಕ್ಷರದಿಂದ ದುಡ್ಡು ಬರುತ್ತಿದೆ, ಬರಲಿ ಬಿಡಿ, ಸಂತೋಷ. ನನ್ನ ತಕರಾರು ಸಾಗರದ ಹುಡುಗರ ಹತ್ತಿರ, ಮೊದಲ ಗಿರಾಕಿ ಬರುವ ಮುಂಚೆಯೇ ಆಂಗ್ವಿಲ್ಲಾ ಖಜಾನೆಗೆ ಕಾಣಿಕೆ ಹಾಕಲು ಹೊರಟಿದ್ದಾರಲ್ಲ, ಅದು.

ಮತ್ತೆ ಅದೇ ಹೇಳುತ್ತೇನೆ. ರೈತ ಈ ವಿಳಾಸವನ್ನು ಟೈಪ್ ಮಾಡುವುದೇ ಇಲ್ಲ. ಅವನು ಸೊಸೈಟಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾನೆ. ಇಲ್ಲವೇ ಭಾವ ಫಾರ್ವರ್ಡ್ ಮಾಡಿದ ನಂಬರ್ ಒತ್ತುತ್ತಾನೆ. ಆ ನಂಬರನ್ನು "ಅಡಿಕೆ ರೇಟ್" ಅಂತ ಸೇವ್ ಮಾಡಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ನೀವು ಇಟ್ಟ ಹೆಸರು ಏನು ಅಂತ ಅವನಿಗೆ ಜನ್ಮದಲ್ಲಿ ಗೊತ್ತಾಗಲ್ಲ.

ಡೊಮೈನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು. ವಾಟ್ಸಾಪ್‌ನಿಂದ ಬಂದ ಮೆಸೇಜು ನಿಮ್ಮ ಸರ್ವರ್‌ಗೆ ತಲುಪಬೇಕಾದರೆ ಎಚ್‌ಟಿಟಿಪಿಎಸ್ ಇರುವ, ಅಂದರೆ ಸುರಕ್ಷಿತವಾದ ಒಂದು ವೆಬ್ ವಿಳಾಸ ಬೇಕು. ವ್ಯವಹಾರಕ್ಕೆ ಒಂದು ಇಮೇಲ್ ಬೇಕು, ಖಾಸಗಿತನದ ನಿಯಮ ಹಾಕಲು ಒಂದು ಪುಟ ಬೇಕು. ಇದಕ್ಕೆಲ್ಲ ಡಾಟ್ ಇನ್ ಧಾರಾಳವಾಗಿ ಸಾಕು. ಸರ್ವರ್‌ಗೆ ಬಾಲದ ಅಂದಚಂದ ಕಟ್ಟಿಕೊಂಡು ಏನಾಗಬೇಕು?

ಡಾಟ್ ಬಾಟ್ ಅಂತಲೂ ಒಂದಿದೆ, ಗೊತ್ತಾ? ಬಾಟ್ ಮಾಡುವವರಿಗೇ ಅಂತ ಅಮೆಜಾನ್‌ನವರು ನಡೆಸುವುದು. ಶುರುವಿನಲ್ಲಿ ಅವರದು ಒಂದು ನಿಯಮ ಇತ್ತು, ನನಗೆ ಬಹಳ ಇಷ್ಟವಾದದ್ದು. ಸುಮ್ನೆ ದುಡ್ಡು ಕೊಟ್ಟರೆ ಹೆಸರು ಕೊಡುತ್ತಿರಲಿಲ್ಲ. ಅಮೆಜಾನ್ ಲೆಕ್ಸ್, ಡೈಲಾಗ್‌ಫ್ಲೋ, ಮೈಕ್ರೋಸಾಫ್ಟ್ ಬಾಟ್ ಫ್ರೇಮ್‌ವರ್ಕ್, ಬಾಟ್ ಕಟ್ಟುವ ಇಂಥ ಯಾವುದಾದರೂ ಒಂದು ಸಾಧನದಲ್ಲಿ ನೀವು ಮಾಡಿ ಹೊರಬಿಟ್ಟ ಬಾಟ್ ಇದೆ ಅಂತ ತೋರಿಸಬೇಕಿತ್ತು. ಮೊದಲು ಬಾಟ್, ಆಮೇಲೆ ಹೆಸರು! ಎಂಥ ಒಳ್ಳೆ ಕಾನೂನು ನೋಡಿ. ಆಮೇಲೆ ಅದನ್ನೂ ತೆಗೆದು ಎಲ್ಲರಿಗೂ ಬಾಗಿಲು ತೆರೆದರು. ಆ ನಿಯಮ ಈಗಲೂ ಇದ್ದು, ಡಾಟ್ ಎಐಗೂ ಇದ್ದಿದ್ದರೆ, ನಮ್ಮ ಹುಡುಗನನ್ನು ಬೆಟ್ಟೆಯ ರೇಟ್ ಕೇಳಿ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾನು ಇದರಲ್ಲೇ ಅನ್ನ ತಿನ್ನುವವನು. ಅಂಗಡಿಯವರಿಗೆ, ಹೋಂಸ್ಟೇಯವರಿಗೆ, ಕಲ್ಯಾಣ ಮಂಟಪದವರಿಗೆ ವೆಬ್‌ಸೈಟ್ ಮಾಡಿಕೊಟ್ಟು, ಡೊಮೈನ್ ಕೊಡಿಸಿ, ಅದರ ಮೇಲೆ ನಾಲ್ಕು ಕಾಸು ಇಟ್ಟುಕೊಳ್ಳುತ್ತೇನೆ. ಅವನು ಡಾಟ್ ಎಐ ತಗೊಂಡರೆ ನನಗೆ ಲಾಭವೇ. ಆದರೂ ಬೇಡ ಅಂತಿದ್ದೇನೆ ಅಂದರೆ ನನ್ನ ಹೊಟ್ಟೆ ಎಷ್ಟು ಉರಿದಿರಬೇಕು ಲೆಕ್ಕ ಹಾಕಿ.

"ಇನ್ವೆಸ್ಟರ್‌ಗಳು ನೋಡ್ತಾರೆ ಮಾವ, ಡಾಟ್ ಎಐ ಇದ್ರೆ ಸೀರಿಯಸ್ ಅಂದ್ಕೋತಾರೆ" ಅನ್ನುವುದು ಅವನ ವಾದ. ಇರಬಹುದು. ಬೆಂಗಳೂರಲ್ಲಿ ಕೋಟಿಗಟ್ಟಲೆ ದುಡ್ಡು ಎತ್ತಲು ಹೊರಟವರಿಗೆ, ಅಮೆರಿಕದ ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವವರಿಗೆ ಅದು ಉಪಯೋಗಕ್ಕೆ ಬಂದೀತು. ಹೆಸರಿಗೆ ಬೆಲೆ ಇಲ್ಲ ಅಂತಲೂ ಹೇಳಲಾಗದು. ಚಾಟ್ ಡಾಟ್ ಕಾಮ್ ಅನ್ನುವ ಹೆಸರನ್ನು 2023ರಲ್ಲಿ ಹಬ್‌ಸ್ಪಾಟ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಧರ್ಮೇಶ್ ಶಾ 1 ಕೋಟಿ 55 ಲಕ್ಷ ಡಾಲರ್ ಕೊಟ್ಟು ಕೊಂಡರು, ಆಮೇಲೆ ಅದು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಪಾಲಾಯಿತು. ಈಗ ಅದನ್ನು ಒತ್ತಿದರೆ ಚಾಟ್‌ಜಿಪಿಟಿಗೆ ಹೋಗುತ್ತದೆ. ಆದರೆ ಚಾಟ್‌ಜಿಪಿಟಿ ಅನ್ನುವ ಉಚ್ಚಾರಕ್ಕೆ ಬಾರದ ಹೆಸರನ್ನು ಜನ ಕಲಿತಿದ್ದು ಡೊಮೈನ್ ನೋಡಿಯಾ? ಅದು ಕೆಲಸ ಮಾಡಿತು, ಅದಕ್ಕೆ ಕಲಿತರು. ಇನ್ವೆಸ್ಟರ್ ಬಂದು ಬೆಟ್ಟೆ ಅಂತ ಕೇಳಿದಾಗ ಪಶ್ಚಿಮ ಘಟ್ಟ ತೋರಿಸಿದರೆ ಯಾವ ಬಾಲವೂ ಕಾಪಾಡಲ್ಲ.

ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅನ್ನುವ ಭ್ರಮೆ ಬೇರೆ. ಡಾಟ್ ಎಐ ಅನ್ನು ಗೂಗಲ್ ಯಾವ ದೇಶಕ್ಕೂ ಸೇರದ ಸಾಮಾನ್ಯ ಬಾಲ ಅಂತ ನೋಡುತ್ತದೆ, ಅಷ್ಟೇ, ವಿಶೇಷ ಮರ್ಯಾದೆ ಏನೂ ಇಲ್ಲ. ಡಾಟ್ ಇನ್ ಆದರೆ ಇದು ಭಾರತದವರಿಗೆ ಅಂತ ಅದಕ್ಕೆ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಬಾಟ್‌ಗೆ ಬೇಕಾಗಿರುವುದು ತೀರ್ಥಹಳ್ಳಿಯವರು, ನ್ಯೂಜೆರ್ಸಿಯವರಲ್ಲ.

ಹಾಗಾದರೆ ಕನ್ನಡದಲ್ಲೇ ತಗೋ ಅಂದೆ. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಇದೆ, ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿಯವರದೇ. ನಮ್ಮ 22 ಭಾಷೆಗಳಿಗೂ ಅವರವರ ಲಿಪಿಯಲ್ಲಿ ಬಾಲ ಇದೆ. ಇಡೀ ವಿಳಾಸವನ್ನೇ ಕನ್ನಡ ಅಕ್ಷರದಲ್ಲಿ ಬರೆಯಬಹುದು. ಅದಕ್ಕೆ ನಮ್ಮ ಹುಡುಗ ನಕ್ಕು, "ಅದನ್ನ ಯಾರು ಟೈಪ್ ಮಾಡ್ತಾರೆ ಮಾವ?" ಅಂದ. ನೋಡಿದ್ರಾ! ಇಷ್ಟು ಹೊತ್ತು ನಾನು ಬಡ್ಕೊಂಡಿದ್ದು ಅದನ್ನೇ ಅಲ್ವಾ? ಡಾಟ್ ಎಐ ಆದರೆ ಮಾತ್ರ ಅದೇ ರೈತ ಕೀಬೋರ್ಡ್ ಬದಲಿಸಿಕೊಂಡು ಟೈಪ್ ಮಾಡುತ್ತಾನಾ?

ಆ ಕನ್ನಡ ವಿಳಾಸದಲ್ಲೂ ತೊಂದರೆ ಇದೆ, ಇಲ್ಲ ಅನ್ನಲ್ಲ. ಕಾಪಿ ಮಾಡಿ ಬೇರೆಡೆ ಹಾಕಿದರೆ ಕೆಲವು ಕಡೆ ಎಕ್ಸ್ ಎನ್ ಅಂತ ಶುರುವಾಗುವ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಷ್ಟೋ ಅರ್ಜಿ ಪುಟಗಳು ಕನ್ನಡದ ಇಮೇಲ್ ವಿಳಾಸವನ್ನು ತಪ್ಪು ಅಂತ ತಿರಸ್ಕರಿಸುತ್ತವೆ. ಹಾಗಾಗಿ ಅದೊಂದನ್ನೇ ನಂಬಿಕೊಳ್ಳಬೇಡ, ಡಾಟ್ ಇನ್ ಜೊತೆಗೆ ಇಟ್ಟುಕೋ ಅಂದೆ. ಕನ್ನಡದ ಬಾಟ್ ಅಂತ ಎದೆ ತಟ್ಟಿಕೊಳ್ಳುವವರು ಕನ್ನಡದ ವಿಳಾಸ ಅಂದರೆ ನಗುವುದನ್ನು ನೋಡಿ ಮಾತ್ರ ಮೈ ಉರಿಯಿತು.

ಹೆಸರಲ್ಲಿ ಜಿಪಿಟಿ ಸೇರಿಸೋಣವಾ ಅಂತ ಇನ್ನೊಬ್ಬ ಗೆಳೆಯ ಫೋನಿನ ಹಿಂದಿನಿಂದ ಕೂಗಿದ. ಬೇಡಪ್ಪಾ ತಂದೆ. ನಿಮ್ಮ ಹೆಸರಿಗೆ ಜಿಪಿಟಿ ಅಂಟಿಸಬೇಡಿ ಅಂತ ಓಪನ್‌ಎಐನವರು ತಮ್ಮ ನಿಯಮಗಳಲ್ಲೇ ಬರೆದಿಟ್ಟಿದ್ದಾರೆ. ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ 2024ರಲ್ಲಿ ಅವರಿಗೆ ಜಿಪಿಟಿ ಮೇಲೆ ಹಕ್ಕು ಕೊಡಲಿಲ್ಲ, ನಿಜ. ಹಾಗಂತ ಅವರ ಲಾಯರ್ ನೋಟಿಸ್ ಬಂದರೆ ಈ ಹುಡುಗರು ಉತ್ತರ ಕೊಡುತ್ತಾರಾ? ಡೊಮೈನ್ ಜಗಳದಲ್ಲಿ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಒಂದು ದೂರು ಹಾಕಲು ಶುಲ್ಕವೇ 1,500 ಡಾಲರ್. ಅವರಿಗೆ ಅದು ಚಿಲ್ಲರೆ. ನಿಮಗೆ?

ನನಗೆ ನಿಜವಾಗಿ ಭಯ ಇರುವುದು ಇದ್ಯಾವುದರ ಬಗ್ಗೆಯೂ ಅಲ್ಲ. ಡೊಮೈನ್ ಯಾರ ಹೆಸರಲ್ಲಿ, ಯಾರ ಇಮೇಲ್‌ನಲ್ಲಿ ಇದೆ ಅನ್ನುವುದನ್ನು ಯಾರೂ ಕೇಳುವುದೇ ಇಲ್ಲ. ಎಷ್ಟೋ ಅಂಗಡಿಯವರು ನನ್ನ ಹತ್ತಿರ ಬಂದು, "ನಮ್ಮ ವೆಬ್‌ಸೈಟ್ ಬಂದ್ ಆಗಿದೆ, ಮೊದಲು ಮಾಡಿಕೊಟ್ಟ ಹುಡುಗ ಫೋನ್ ಎತ್ತುತ್ತಿಲ್ಲ" ಅನ್ನುತ್ತಾರೆ. ನೋಡಿದರೆ ಹೆಸರು ಅವನ ಖಾತೆಯಲ್ಲೇ ಇರುತ್ತದೆ, ಓಟಿಪಿ ಅವನಿಗೇ ಹೋಗುತ್ತದೆ. ದುಡ್ಡು ಕೊಟ್ಟವರಿಗೆ ಬಿಲ್ ಕೂಡ ಇರಲ್ಲ. ಡೊಮೈನ್ ಅನ್ನುವುದು ಯಾರಿಗೂ ಪೂರ್ತಿ ಸ್ವಂತ ಅಲ್ಲ, ಬಾಡಿಗೆ. ಡಾಟ್ ಇನ್, ಡಾಟ್ ಕಾಮ್ ಎಲ್ಲ ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ. ಬಾಡಿಗೆ ಕಟ್ಟದಿದ್ದರೆ ಹೋಯಿತು.

ಆ ಬಾಡಿಗೆ ಕಟ್ಟುವುದೂ ನಮ್ಮಲ್ಲಿ ಒಂದು ರಗಳೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಬಂದಮೇಲೆ ಹೊರದೇಶದ ಕಂಪನಿಗಳು ನಮ್ಮ ಕಾರ್ಡಿನಿಂದ ತಾವಾಗಿಯೇ ದುಡ್ಡು ಎಳೆದುಕೊಳ್ಳುವುದು ಎಷ್ಟೋ ಸಲ ಫೇಲ್ ಆಗುತ್ತದೆ. ಆಟೋ ರಿನೀವಲ್ ಆನ್ ಇದೆ ಅಂತ ಇವರು ನಿಶ್ಚಿಂತೆಯಿಂದ ಇರುತ್ತಾರೆ, ಎಚ್ಚರಿಕೆಯ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಇನ್ನು ಕೆಲವು ಬಾಲಗಳದ್ದು ಮೊದಲ ವರ್ಷ ನೂರಿನ್ನೂರು ರೂಪಾಯಿ, ಎರಡನೇ ವರ್ಷ ಸಾವಿರಗಟ್ಟಲೆ. ಕೊಳ್ಳುವಾಗ ದಪ್ಪ ಅಕ್ಷರದ ಆಫರ್ ನೋಡುತ್ತಾರೆ, ಕೆಳಗೆ ಸಣ್ಣದಾಗಿ ಬರೆದ ರಿನೀವಲ್ ರೇಟು ನೋಡಲ್ಲ.

ಡಾಟ್ ಇನ್‌ನಲ್ಲಿ ಎಲ್ಲ ಚಂದ ಅಂತಲ್ಲ. ಅಲ್ಲಿ ಹೆಸರು ಕೊಂಡವರ ವಿವರ ಮುಚ್ಚಿಡುವ ಪ್ರೈವೆಸಿ ಸೌಲಭ್ಯ ಇಲ್ಲ. ಹೆಸರು ಬುಕ್ ಮಾಡಿದ ತಕ್ಷಣ "ಸರ್, ಲೋಗೋ ಬೇಕಾ, ವೆಬ್‌ಸೈಟ್ ಬೇಕಾ" ಅಂತ ಫೋನ್ ಶುರು. ಅದಕ್ಕೆ ಒಂದು ಹಳೇ ಸಿಮ್ ಇಟ್ಟುಕೊಂಡರಾಯಿತು.

ಇಷ್ಟೆಲ್ಲ ಹೇಳಿದಮೇಲೆ ಅವನು ಏನಂದ ಗೊತ್ತಾ? "ಡಾಟ್ ಐಓ ಹೆಂಗೆ ಮಾವ?" ಅಯ್ಯೋ ದೇವರೇ. ಅದು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದ್ದು. ಅಲ್ಲಿದ್ದ ಜನರನ್ನು ಬ್ರಿಟನ್‌ನವರು ಅಮೆರಿಕದ ಸೇನಾ ನೆಲೆಗೋಸ್ಕರ 1960-70ರ ದಶಕದಲ್ಲೇ ಎತ್ತಂಗಡಿ ಮಾಡಿದರು. 2025ರ ಮೇ ತಿಂಗಳಲ್ಲಿ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯೂ ಆಯಿತು. ಇಂಥ ಎರಡಕ್ಷರದ ಬಾಲಗಳು ದೇಶದ ಕೋಡ್‌ಗಳೇ, ಆ ಕೋಡ್ ಹೋದರೆ ಬಾಲವೂ ಹೋಗಬಹುದು. ಯುಗೊಸ್ಲಾವಿಯ ಒಡೆದು ಹೋದಮೇಲೆ ಅದರ ಡಾಟ್ ವೈಯು 2010ರಲ್ಲಿ ನಿಂತೇ ಹೋಯಿತು. ಕೊಳೆರೋಗದ ಔಷಧಿ ಹೇಳುವ ಬಾಟ್‌ಗೆ ಇಷ್ಟೊಂದು ಅಂತಾರಾಷ್ಟ್ರೀಯ ರಾಜಕೀಯ ಬೇಕಾ?

ಕೊನೆಗೆ ನಾನೇ ಡಾಟ್ ಇನ್ ಒಂದನ್ನು ಅವನ ಇಮೇಲ್‌ನಲ್ಲಿ, ಅವನ ಹೆಸರಲ್ಲೇ ಬುಕ್ ಮಾಡಿಸಿದೆ. ಮುಖ ಊದಿಸಿಕೊಂಡಿದ್ದಾನೆ. ಮಿಕ್ಕ ದುಡ್ಡು ಕನ್ನಡಕ್ಕೆ ಖರ್ಚಾಗಬೇಕು ಅಂತ ಷರತ್ತು ಹಾಕಿದ್ದೇನೆ. ಹಾಗಾಗಿ ಸ್ನೇಹಿತರೇ, ನಿಮ್ಮಲ್ಲಿ ಯಾರಾದರೂ ಸಾಗರ, ಶಿರಸಿ, ಶಿವಮೊಗ್ಗ, ಚನ್ನಗಿರಿ ಕಡೆ ಮಂಡಿಯಲ್ಲಿ ಕೆಲಸ ಮಾಡಿದವರು, ಚಾಲಿ, ರಾಶಿ, ಕೋಕ, ಬಿಳಿಗೋಟು ಅಂತ ಅಡಿಕೆಯ ಬಗೆ ಕಣ್ಣು ಮುಚ್ಚಿ ಹೇಳುವವರು ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ನಂಬರ್ ಹಾಕಿ. ಪುಕ್ಕಟೆ ಅಲ್ಲ, ದಿನಕ್ಕೆ ಇಷ್ಟು ಅಂತ ಕೊಡಿಸುತ್ತೇನೆ. ಡೊಮೈನ್ ಮಾರುವವರು ದಯವಿಟ್ಟು ಬರಬೇಡಿ, ಆ ಕೆಲಸಕ್ಕೆ ನಾನೇ ಇದ್ದೇನೆ.